ದೋಣಿ ಬಿಟ್ಟು ದಡ ಸೇರಿದ್ದಕ್ಕೆ ಫೇಲು

ಆ ಭಾನುವಾರ ನನ್ನ ಗಂಡ ನನ್ನನ್ನು ಎರಡನೇ ಸಲ ಫೇಲು ಮಾಡಿದರು. ಡೆಂಕಣಿಕೋಟೆ ಹತ್ತಿರದ ವಸತಿ ಶಾಲೆಯಲ್ಲಿ ಅವರು ದೋಣಿ ಕಲಿಸುವ ಮೇಷ್ಟ್ರು, ನಾನು ಹಾಸ್ಟೆಲ್ ವಾರ್ಡನ್. ಅವರ ಪರೀಕ್ಷೆ ಪಾಸಾಗದೆ ಯಾರೂ ಮಕ್ಕಳನ್ನು ಕೆರೆಗೆ ಕರೆದೊಯ್ಯುವಂತಿರಲಿಲ್ಲ. ನಾವಿಬ್ಬರೇ ಇದ್ದ ದೋಣಿಗೆ ಅವರೇ ಹುಟ್ಟು ಹಾಕಿ ಕೆರೆಯೊಳಕ್ಕೆ ಒಯ್ದು, ಬೇಕೆಂದೇ ಮಗುಚಿದರು. ಬಾವಿಯಲ್ಲಿ ಈಜು ಕಲಿತಿದ್ದ ನಾನು ಸರಸರನೆ ದಡ ಸೇರಿ ಹೆಮ್ಮೆಯಿಂದ ನಿಂತೆ.

"ನೀನೇನೋ ಬಂದ್ಬುಟ್ಟೆ. ದೋಣಿ ತಾವಿರೋ ಮಕ್ಳನ್ನ ನಿಮ್ಮಪ್ಪ ಬಂದು ನೋಡ್ಕಂತಾನಾ? ಫೇಲು ಕಣೆ!" ಎಂದು ನೀರಿನಿಂದಲೇ ಕೂಗಿದರು. ಇಬ್ಬರೂ ನಕ್ಕೆವು.

ಮರುದಿನ ಬೆಳಿಗ್ಗೆ ಅವರು ಹೃದಯಾಘಾತದಿಂದ ತೀರಿಕೊಂಡರು.

ನಾಲ್ಕು ತಿಂಗಳ ಮೇಲೆ, ಅವರೇ ತಯಾರು ಮಾಡಿದ್ದ ಸೆಲ್ವಿ ಟೀಚರ್ ನನ್ನನ್ನು ಪರೀಕ್ಷಿಸಿದರು. ದೋಣಿ ಮಗುಚಿತು. ದಡ ಹತ್ತಿರವೇ ಇತ್ತು, ಆದರೂ ನಾನು ಹೋಗಲಿಲ್ಲ. ದೋಣಿಯ ಅಂಚು ಹಿಡಿದು, ಮಕ್ಕಳು ಜೊತೆಗಿದ್ದಾರೆ ಎಂದುಕೊಂಡು ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಿದೆ.

"ಪಾಸು ಅಕ್ಕಾ! ಸಾರ್ ಇದ್ದಿದ್ರೆ ಇನ್ನೊಂದ್ಸಲ ಮುಳುಗ್ಸಿರೋರು," ಎಂದರು ಸೆಲ್ವಿ.

ಈಗ ಪ್ರತಿ ಶನಿವಾರ ಆರು ಮಕ್ಕಳನ್ನು ಕೂರಿಸಿಕೊಂಡು ಕೆರೆ ಸುತ್ತಿ ಬರುತ್ತೇನೆ. ಮನಸ್ಸಿಗೆ ನೆಮ್ಮದಿಯಿದೆ. ನನ್ನ ಗಂಡನನ್ನು ಕೂರಿಸಿಕೊಂಡು ನಾನು ಹುಟ್ಟು ಹಾಕಿದ್ದು ಮಾತ್ರ ಒಂದು ದಿನವೂ ಇಲ್ಲ.