ಪ್ಲೇಟ್‌ಲೆಟ್ ಏರಿದ ಬೆಳಿಗ್ಗೆ

"ಅಜ್ಜೀ, ನಿಮ್ಮ ಮೊಮ್ಮಗಳ ಪ್ಲೇಟ್‌ಲೆಟ್ ಏರಿದೆ!" ಎಂದು ನರ್ಸಮ್ಮ ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದಾಗ ನಾನು ಕೋಲಾರದ ಆಸ್ಪತ್ರೆಯ ವಾರ್ಡಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಡೆಂಗಿ ಜ್ವರದಿಂದ ಮಲಗಿದ್ದ ಹತ್ತು ವರ್ಷದ ಭವ್ಯ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಯಾಕಜ್ಜಿ ಅಳ್ತೀರಾ?" ಎಂದು ನರ್ಸಮ್ಮ ಗಾಬರಿಯಾದಳು.

"ಇನ್ನೇನಮ್ಮಾ ಮಾಡ್ಲಿ? ನನಗೆ ಶುಗರ್ ಏರಿದ್ರೂ ಬೈತೀರಾ, ಬೀಪಿ ಏರಿದ್ರೂ ಬೈತೀರಾ. ಈಗ ಮಗೂಗೆ ಇದೂ ಏರ್ತಲ್ಲಾ!"

ನರ್ಸಮ್ಮ ನಕ್ಕ ನಗುವಿಗೆ ಪಕ್ಕದ ಹಾಸಿಗೆಯವರೂ ಎದ್ದು ಕೂತರು. "ನಿಮ್ದು ವಕ್ಕಲೇರಿ ಹಳ್ಳಿ ಅಲ್ವಾ? ಡೈರಿಗೆ ಹಾಲು ಹಾಕ್ತೀರಲ್ಲಾ, ಅಲ್ಲಿ ಹಾಲಿನ ಫ್ಯಾಟ್ ಏರಿದ್ರೂ ಹಿಂಗೇ ಅಳ್ತೀರಾ?"

"ಅದ್ಯಾಕಮ್ಮಾ ಅಳ್ಲಿ, ಅದು ಏರಿದ್ರೆ ಒಳ್ಳೇದಲ್ವಾ?"

"ಇದೂ ಹಂಗೇ ಅಜ್ಜಿ!"

ಪ್ಲೇಟ್‌ಲೆಟ್ ಎಂದರೆ ಗಾಯವಾದಾಗ ರಕ್ತ ಸೋರದಂತೆ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಒಂದೂವರೆ ಲಕ್ಷದ ಮೇಲಿರಬೇಕಾದ್ದು ಡೆಂಗಿಯಿಂದ ಮೂವತ್ತೆಂಟು ಸಾವಿರಕ್ಕೆ ಇಳಿದಿತ್ತು. ಆ ಬೆಳಿಗ್ಗೆ ಎಪ್ಪತ್ತು ಸಾವಿರ. ಮಗು ಚೇತರಿಸಿಕೊಳ್ಳುತ್ತಿದೆ ಎಂದಳು. ನನಗೆ ಮತ್ತೆ ಅಳು ಉಕ್ಕಿತು.

"ಥೂ, ಸುಮ್ನಿರಜ್ಜಿ, ಎಲ್ರೂ ನೋಡ್ತವ್ರೆ," ಎಂದಳು ಭವ್ಯ. ಮೂರು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು.

ಈಗ ಅವಳು ಮನೆಗೆ ಬಂದು ಮುದ್ದೆ ಬೇಡ, ದೋಸೆ ಬೇಕು ಎಂದು ನನ್ನೊಡನೆ ಜಗಳಕ್ಕೆ ನಿಂತಿದ್ದಾಳೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಬೀದಿಯಲ್ಲಿ ಯಾರ ಮನೆಯಲ್ಲಿ ಜ್ವರವೆಂದರೂ ಹೋಗಿ, ಪ್ಲೇಟ್‌ಲೆಟ್ ಎಷ್ಟಿದೆ ಎಂದು ವಿಚಾರಿಸುತ್ತೇನೆ. ನಮ್ಮ ಭವ್ಯಂದು ಈಗ ಎರಡು ಲಕ್ಷ ಎಂದು ಕೇಳದವರಿಗೂ ಹೇಳಿ ಬರುತ್ತೇನೆ.