ನ್ಯಾರ್ಕೊವಾಳ ಕೆಂಪು ಪರದೆ

ನ್ಯಾರ್ಕೊವಾ ನನ್ನ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಇಡೀ ಟೆಚಿಮಾನ್ ಪೇಟೆಯಲ್ಲಿ ಅಷ್ಟು ಒಂಟಿ ಜೀವವನ್ನು ನಾನು ಕಂಡಿಲ್ಲ. ಅವಳ ತಾಯಿ ಹೆಗ್ಗೆಣಸು ಮಾರುತ್ತಿದ್ದಳು. ಹೋದ ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಸಂತೆಯಲ್ಲೇ ಕುಸಿದವಳು ಮತ್ತೆ ಏಳಲಿಲ್ಲ. ಅಂದಿನಿಂದ ಮಗಳಿಗೆ ಒಂದೇ ಹಟ: ಬಿಸಿಲು ಮಿತಿಮೀರಿದ ದಿನ ಸಂತೆಯಲ್ಲಿ ಗೆಣಸು ಮಾರುವ ಹೆಂಗಸರು ನೆರಳಿಗೆ ಹೋಗಬೇಕು. ಅದಕ್ಕೆಂದೇ ಫೋನಿಗೆ ಎಚ್ಚರಿಕೆ ಕಳಿಸುವ ಆ್ಯಪ್ ಮಾಡಿದಳು. ಓದು ಬಾರದವರಿಗೂ ತಿಳಿಯಲೆಂದು ಅಕ್ಷರಗಳನ್ನೇ ಬಿಟ್ಟಳು. ಕೆಂಪು ಪರದೆ, ಕಪ್ಪು ಅಂಚು, ನಡುವೆ ಸಂತೆಯವರೆಲ್ಲ ಬಲ್ಲ ತಾಯಿಯ ಮುಖ.

ನನಗೆ ಮೊದಲೇ ತೋರಿಸಿದ್ದರೆ ಬೈದು ಬುದ್ಧಿ ಹೇಳುತ್ತಿದ್ದೆ. ಸತ್ತವರ ಕಾರ್ಯಕ್ಕೆ ಕರೆಯಲು ನಮ್ಮೂರ ಗೋಡೆಗಳಿಗೆ ಅಂಟಿಸುವ ಪಟವೂ ಥೇಟ್ ಹಾಗೆಯೇ ಇರುತ್ತದೆ.

ಬಿಸಿಲು ಏರಿದ ಮೊದಲ ದಿನ ಎಲ್ಲರ ಫೋನೂ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಗೆಣಸಿನವರೆಲ್ಲ ಸಾವಿನ ಕಾರ್ಯಕ್ಕೆ ಉಡುವ ಕೆಂಪು, ಕಪ್ಪು ಬಟ್ಟೆ ಸುತ್ತಿಕೊಂಡು ನನ್ನ ಅಂಗಳಕ್ಕೆ ಬಂದು ಮಾವಿನ ಮರದಡಿ ಕೂತರು. ಮುಂದೆ ಕೂತ ಅವರ ಯಜಮಾನಿ ದುಫಿಯೆ ಹುಡುಗಿಯನ್ನು ಗದರಿದಳು.

"ಅಮ್ಮನ ವರ್ಷದ ಕಾರ್ಯ ಅಂತ ಬಾಯ್ಬಿಟ್ಟು ಹೇಳ್ಬಾರ್ದೇನೆ? ಫೋನಲ್ಲಿ ಪಟ ಕಳ್ಸಿ ಕರೀತಾರಾ ಯಾರಾದ್ರೂ?"

"ಕಾರ್ಯ ಅಲ್ಲ ಚಿಕ್ಕಮ್ಮ. ಬಿಸ್ಲಲ್ಲಿ ಕೂರ್ಬೇಡಿ ಅಂತ ಕಳ್ಸಿದ್ದು."

"ಈಗ ಬಿಸ್ಲಲ್ಲಿ ಕೂತಿದೀವಾ? ಈ ಮಾವಿನ ಮರದ ಕೆಳಗೇ ಇದೀವಲ್ಲ."

ಎಲ್ಲರೂ ನಕ್ಕರು. ಬಂದವರು ಸಂಜೆಯವರೆಗೂ ಏಳಲಿಲ್ಲ. ಅವಳ ತಾಯಿಯ ಜಗಳಗಂಟತನ ಆಡಿಕೊಂಡರು, ಹಾಡಿದರು, ಹುಡುಗಿಗೆ ಗದರಿಸಿ ಊಟ ಮಾಡಿಸಿದರು. ಅವಳು ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹೊರಡುವಾಗ ದುಫಿಯೆ ತಗ್ಗಿದ ದನಿಯಲ್ಲಿ ಹೇಳಿದಳು: "ಇನ್ನೊಂದ್ ಸಲ ಈ ಪಟ ಬಂದ್ರೆ ಹೆದ್ರಿ ಫೋನ್ ಆಫ್ ಮಾಡ್ಬಿಡ್ತಾರೆ ಮಗಾ. ಅಮ್ಮನ್ನ ತೆಗಿ."

ಹುಡುಗಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ತಾಯಿಯ ಮುಖ ತೆಗೆದಳು, ಕೆಂಪು ತೆಗೆದಳು. ಸಂತೆಯ ತಗಡಿನ ಚಪ್ಪರದ ಚಿತ್ರ ಹಾಕಿ, ದುಫಿಯೆಯ ದನಿ ಸೇರಿಸಿದಳು: "ಏಳ್ರೇ, ನೆರಳಿಗೆ ಬನ್ರೇ. ಗೆಣಸೇನು ಓಡಿಹೋಗಲ್ಲ."

ಮುಂದಿನ ವಾರ ಮತ್ತೆ ಬಿಸಿಲು ಏರಿತು. ದುಫಿಯೆಯ ದನಿ ಫೋನುಗಳಲ್ಲಿ ಕೂಗಿದ್ದೇ ತಡ, ಗೆಣಸಿನವರೆಲ್ಲ ಗೊಣಗುತ್ತ ಎದ್ದು ಚಪ್ಪರದಡಿ ಸೇರಿದರು. ನಾನು ಕಣ್ಣಾರೆ ನೋಡಿ, ಹುಡುಗಿಗೆ ಹೇಳಲು ಮನೆಗೆ ಓಡಿಬಂದೆ.

ಅವಳು ಮಾವಿನ ಮರದಡಿ ಗುಡಿಸಿದ್ದಳು. ಬೆಂಚುಗಳು ಸಾಲಾಗಿದ್ದವು, ಮಡಕೆಯಲ್ಲಿ ತಣ್ಣೀರಿತ್ತು. ನನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೇನೋ ಎಂದು ಅವಳು ಬೀದಿಯತ್ತ ಇಣುಕಿದಳು.

"ಎಲ್ರೂ ಚಪ್ಪರಕ್ಕೆ ಹೋದ್ರಾ ಅಕ್ಕ?"

"ಎಲ್ರೂ."

"ಒಳ್ಳೇದಾಯ್ತು" ಎಂದು ಅವಳು ಬೆಂಚುಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದಳು.