ಬಾಯಮ್ಮ ಮತ್ತು ಬ್ಯಾಟರಿಯ ಕೇಬಲ್

ಕುತ್ತಿಗೆಯವರೆಗೆ ಕತ್ತರಿಸಿಕೊಂಡ ಬಿಳಿ ಕೂದಲು, ಹೂವಿನ ನೈಟಿ, ಕೈಗೆ ಆಸ್ಪತ್ರೆಯ ರಬ್ಬರ್ ಗ್ಲೌಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಅರ್ಧ ಮೈ ಕಾರಿನ ಬಾನೆಟ್ಟಿನೊಳಗೆ. ಬಾಯಮ್ಮ ನನ್ನ ಕಣ್ಣಿಗೆ ಕಟ್ಟಿರುವುದು ಹೀಗೆ. ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಟೀಲ್ ಟ್ರೇ. ಅದರಲ್ಲಿ ಬಿಳಿ ಬಟ್ಟೆ ಹಾಸಿ ಸ್ಪ್ಯಾನರ್, ಹಳೆಯ ಟೂತ್‌ಬ್ರಷ್, ಸ್ಯಾಂಡ್‌ಪೇಪರ್, ವ್ಯಾಸಲೀನ್ ಡಬ್ಬಿ ಎಲ್ಲವನ್ನೂ ಆಪರೇಷನ್ನಿಗೆ ಜೋಡಿಸಿದ ಹಾಗೆ ಸಾಲಾಗಿ ಇಟ್ಟಿರುತ್ತಿದ್ದರು.

ಬಿಜೈಯಲ್ಲಿ ನಾವಿದ್ದ ಕಟ್ಟಡದ ಮೇಲಿನ ಮನೆ ಅವರದು. ನಮ್ಮ ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುವುದು ರೂಢಿ. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಗಲ್ಫಿನ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ನರ್ಸಾಗಿದ್ದು, ಮದುವೆಯಾಗದೆ, ನಿವೃತ್ತಿಯ ನಂತರ ಊರಿಗೆ ಬಂದವರು. ನನ್ನ ಅಮ್ಮ ಹಾಸಿಗೆ ಹಿಡಿದಾಗ ಯಾರೂ ಕರೆಯದಿದ್ದರೂ ದಿನಾ ಬೆಳಿಗ್ಗೆ ಇಳಿದುಬಂದು, ಅಮ್ಮನನ್ನು ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ ಹೋಗುತ್ತಿದ್ದರು. ನಾನು ಥ್ಯಾಂಕ್ಸ್ ಹೇಳಹೊರಟರೆ, "ಅದೆಲ್ಲ ಬೇಡ ಮಾರಾಯ್ತಿ, ಚಾ ಉಂಟಾ ಹೇಳಿ" ಎನ್ನುವರು.

ಅಮ್ಮ ತೀರಿಕೊಂಡ ಕೆಲವು ತಿಂಗಳಿಗೆ ಬಾಯಮ್ಮನ ತಮ್ಮ ಅವರೊಡನೆ ಇರಲು ಬಂದರು. ಅವರೂ ಗಲ್ಫಿನಲ್ಲಿ ಲಾರಿ ಓಡಿಸಿದವರು. ಹೆಂಡತಿ ತೀರಿಕೊಂಡಾಗಿತ್ತು, ಮಕ್ಕಳಿರಲಿಲ್ಲ, ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಬರುವಾಗ ತಮ್ಮ ಹಳೆಯ ನೀಲಿ ಕಾರನ್ನೂ ತಂದಿದ್ದರು. ಆದರೆ ಓಡಿಸುವ ಶಕ್ತಿ ಉಳಿದಿರಲಿಲ್ಲ. ರಿಕ್ಷಾದ ಕುಲುಕಾಟ ಅವರಿಗೆ ಆಗುತ್ತಿರಲಿಲ್ಲ. ಟ್ಯಾಕ್ಸಿಯವರೋ, ಹಿಂದಿನ ಸೀಟಿನಲ್ಲಿ ವಾಂತಿಯಾದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಹೀಗೆ ಬಾಯಮ್ಮನೇ ಸ್ಟೀರಿಂಗ್ ಹಿಡಿದರು.

ಒಂದು ಬೆಳಿಗ್ಗೆ ಕಾರು ಟಿಕ್ ಟಿಕ್ ಎಂದು ಸುಮ್ಮನಾಯಿತು. ಮೆಕ್ಯಾನಿಕ್ "ಈಗ ಬಂದೆ" ಎಂದವನು ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಅಷ್ಟರಲ್ಲಿ ಆಸ್ಪತ್ರೆಯ ಸರದಿ ತಪ್ಪಿತ್ತು. ಆ ರಾತ್ರಿ ತಮ್ಮನಿಗೆ ಉಸಿರು ಕಟ್ಟಿ, ಇಬ್ಬರೂ ಕಣ್ಣು ಮುಚ್ಚಲಿಲ್ಲವಂತೆ. ಮರುದಿನದಿಂದ ಬ್ಯಾಟರಿಯ ಕೆಲಸ ತಾನೇ ಕಲಿಯುತ್ತೇನೆಂದು ಬಾಯಮ್ಮ ಹಟ ತೊಟ್ಟರು.

ಸುಲಭವಾಗಿ ಬರಲಿಲ್ಲ. ಕೆಳಗಿನ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ತಮ್ಮ ಹೇಳಿಕೊಡುವರು. "ಮೊದಲು ಮೈನಸ್ ಬಿಚ್ಚು. ಪ್ಲಸ್ಸಿಗೆ ಕೈ ಹಾಕ್ಬೇಡ, ಕಿಡಿ ಹಾರ್ತದೆ. ಹಾಕುವಾಗ ಪ್ಲಸ್ ಮೊದಲು." ಇವರು ತಪ್ಪುವರು, ಅವರು ರೇಗುವರು. ಬ್ಯಾಟರಿಗೆ ಕೇಬಲ್ ಸಿಕ್ಕಿಸುವ ಟರ್ಮಿನಲ್ಲಿನ ಮೇಲೆ ಬೆಳೆದಿದ್ದ ಹಸಿರು ಬಿಳಿ ಪುಡಿಗೆ ಬಿಸಿನೀರಲ್ಲಿ ಅಡಿಗೆ ಸೋಡಾ ಕಲಸಿ ಹೊಯ್ದಾಗ ಅದು ಬುಸ್ಸೆಂದು ನೊರೆಯೆದ್ದಿತು. ಬಾಯಮ್ಮ ಹೆದರಿ ಹಿಂದೆ ಸರಿದರು. ತಮ್ಮ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಉಜ್ಜಿ ತೊಳೆದರೂ ಕಾರು ಮತ್ತೆ ಸತಾಯಿಸಿತು. ಮೈನಸ್ ಕೇಬಲನ್ನು ಎಳೆದು ನೋಡಿದರೆ ರಬ್ಬರಿನೊಳಗಿನ ತಾಮ್ರದ ಎಳೆಗಳೇ ಹಸಿರುಗಟ್ಟಿ ಪುಡಿಯಾಗಿದ್ದವು. ನಾವಿಬ್ಬರೂ ಬಸ್ಸು ಹತ್ತಿ ಹಂಪನಕಟ್ಟೆಯ ಬಿಡಿಭಾಗದ ಅಂಗಡಿಗೆ ಹೋಗಿ ಹೊಸದು ತಂದೆವು. ಕಾರಿನ ಲೋಹದ ಮೈಗೆ ಕೇಬಲ್ ಸೇರುವ ಕಡೆ ತುಕ್ಕು ಕೆರೆದು, ಬೋಲ್ಟ್ ಬಿಗಿದು, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ, ಕೀ ತಿರುಗಿಸಿದರೆ ಒಂದೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. "ನೋಡಿದ್ರಾ ಟೀಚರ್? ಇನ್ನು ಎಂತ ಹೆದರಿಕೆ?" ಎಂದರು. ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಕಳೆ. ತಮ್ಮ ಮಾತ್ರ ಕಂಪೌಂಡಿನ ಗೋಡೆಯನ್ನು ನೋಡುತ್ತಿದ್ದರು.

ಜೂನ್ ತಿಂಗಳ ಒಂದು ಬೆಳಿಗ್ಗೆ, ಶಾಲೆಗೆ ಹೊರಟಿದ್ದ ನನ್ನನ್ನು ಬಾಯಮ್ಮ ಕರೆದರು. ಕೀ ತಿರುಗಿಸಿದರೆ ಟಿಕ್ ಎನ್ನುವ ಸದ್ದೂ ಇಲ್ಲ, ಒಂದು ದೀಪವೂ ಇಲ್ಲ. ಬಾನೆಟ್ ಎತ್ತಿದೆವು. ಮೈನಸ್ ಕೇಬಲನ್ನು ಕಳಚಿ ಒಂದು ಬದಿಗೆ ಅಚ್ಚುಕಟ್ಟಾಗಿ ಮಡಚಿಡಲಾಗಿತ್ತು. ಹಿಂದಿನ ಭಾನುವಾರವಷ್ಟೇ ಅವರು ಅದನ್ನು ಬಿಗಿದದ್ದು ನಾನೂ ನೋಡಿದ್ದೆ. ತಾನಾಗಿ ಸಡಿಲವಾಗುವಂಥದ್ದಲ್ಲ. ಬಾಯಮ್ಮ ನಿಧಾನವಾಗಿ ಜಗಲಿಯ ಕಡೆ ತಿರುಗಿದರು. ಕುರ್ಚಿಯಲ್ಲಿ ತಮ್ಮ ಕುಳಿತಿದ್ದರು. ಕಾಲಿಗೆ ಚಪ್ಪಲಿಯನ್ನೂ ಹಾಕಿರಲಿಲ್ಲ.

"ನಾನೇ ತೆಗೆದದ್ದು" ಎಂದರು.

"ಯಾಕೆ?"

"ಬಾಯಲ್ಲಿ ಹೇಳಿದ್ರೆ ನೀನು ಕೇಳುದಿಲ್ಲ. ನನಗೆ ಸಾಕಾಯ್ತು. ಇನ್ನು ಅಲ್ಲಿಗೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬಾಯಮ್ಮ ಬಾನೆಟ್ಟಿನ ಕಡೆ ತಿರುಗಿದರು. ಗ್ಲೌಸನ್ನೂ ಹಾಕದೆ, ಮಳೆಯಲ್ಲಿ ನೆನೆಯುತ್ತಲೇ ಕೇಬಲನ್ನು ಮತ್ತೆ ಬಿಗಿದರು. ತಮ್ಮನನ್ನು ತೋಳು ಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಿದರು. ಆ ಮನುಷ್ಯ ಎದುರಾಡಲಿಲ್ಲ. ಎದುರಾಡಿದ್ದರೇ ಚೆನ್ನಾಗಿತ್ತು ಎನಿಸಿತು ನನಗೆ.

ಆಮೇಲೆ ಮತ್ತೂ ಕೆಲವು ಸಲ ಹಾಗಾಯಿತು. ಬಾಯಮ್ಮ ಸ್ಪ್ಯಾನರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇಕ್ಕಳ ತಂದು ತಮ್ಮ ಅದರಿಂದಲೇ ಕೇಬಲ್ ಬಿಚ್ಚಿದರು. ಸದ್ದಿಲ್ಲದ ಒಂದು ಜಗಳ. ಒಬ್ಬರು ಕಳಚುವುದು, ಇನ್ನೊಬ್ಬರು ಜೋಡಿಸುವುದು. ಮೆಟ್ಟಿಲಿಳಿಯಲು ಎರಡು ಕಡೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದು ಕೆಲಸಕ್ಕೆ ಹೇಗೆ ಇಳಿದುಬರುತ್ತಿದ್ದರೋ!

ಕೊನೆಗೆ ಒಂದು ಸಂಜೆ ಬಾಯಮ್ಮ ನಮ್ಮ ಅಡುಗೆಮನೆಯಲ್ಲಿ ಬಂದು ಕುಳಿತರು. ಚಾ ಕೊಟ್ಟರೆ ಮುಟ್ಟಲಿಲ್ಲ.

"ಅವನು ಎಂತ ಕೇಳಿದ ಗೊತ್ತುಂಟಾ ಟೀಚರ್? 'ಅಷ್ಟು ಜನ ಸಾಯುವಾಗ ಹತ್ತಿರ ಕೂತಿದ್ದೀಯಲ್ಲ, ನನ್ನ ಹತ್ತಿರ ಕೂರ್ಲಿಕ್ಕೆ ನಿನಗೆ ಎಂತ ಕಷ್ಟ?' ಅಂತ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ನಾಳೆಯಿಂದ ಬರುದಿಲ್ಲ ಅಂತ ಹೇಳಿದೆ."

ಮರುದಿನ ಬೆಳಿಗ್ಗೆ ಕಾರಿನ ಮೈನಸ್ ಕೇಬಲನ್ನು ಬಾಯಮ್ಮನೇ ಕಳಚಿದರು. ಜಗಲಿಯಿಂದ ತಮ್ಮ ಅದನ್ನು ನೋಡಿ, ಮೆಲ್ಲಗೆ ತಲೆಯಾಡಿಸಿದರು.

ಬಾಯಮ್ಮ ಡಾಕ್ಟರರೊಡನೆ ಮಾತಾಡಿ ಸಂಕಟ ಕಡಿಮೆ ಮಾಡುವ ಮದ್ದು ತಂದಿಟ್ಟರು. ಚರ್ಚಿನಿಂದ ಪಾದ್ರಿಗಳು ಬಂದು ಹೋದರು. ಮೊದಲೆರಡು ದಿನ ತಮ್ಮ ಆರಾಮವಾಗಿಯೇ ಇದ್ದರು. ಕಾಯಿಲೆಗೆ ಕೂಡದೆಂದು ವರ್ಷಗಳಿಂದ ಮುಟ್ಟದಿದ್ದ ಎಳನೀರು ಕೇಳಿ ಕುಡಿದರು. ಆಮೇಲೆ ಮೈಯೆಲ್ಲ ಬಾತು, ಮೇಲುಸಿರು ಹತ್ತಿತು. ಬಾಯಮ್ಮ ಮಂಚದ ಪಕ್ಕದಿಂದ ಏಳಲಿಲ್ಲ. ನಾನು ಶಾಲೆಗೆ ರಜೆ ಹಾಕಿ ಮೇಲೆಯೇ ಇದ್ದೆ.

ಒಂದು ಮಧ್ಯಾಹ್ನ ತಮ್ಮ ಕಣ್ಣು ಬಿಟ್ಟು ಅಕ್ಕನ ಮಣಿಕಟ್ಟು ಹಿಡಿದರು. "ವಚ್ಯಾಂ" ಎಂದರು. ಕೊಂಕಣಿಯಲ್ಲಿ ಹೋಗುವ, ಹೋಗೋಣ ಎಂದು. ಒಮ್ಮೆಯಲ್ಲ, ಮತ್ತೆ ಮತ್ತೆ. "ವಚ್ಯಾಂ, ವಚ್ಯಾಂ."

"ಎಲ್ಲಿಗೆ? ಆಸ್ಪತ್ರೆಗಾ? ಹೇಳು, ಆಸ್ಪತ್ರೆಗಾ?" ಬಾಯಮ್ಮ ಅವರ ಮುಖಕ್ಕೆ ಬಾಗಿ ಕೇಳಿದರು. ಉತ್ತರ ಬರಲಿಲ್ಲ. ಬಾಯಮ್ಮ ನನ್ನ ಕಡೆ ತಿರುಗಿ, "ಟೀಚರ್, ಇವನ ಕೈ ಹಿಡ್ಕೊಳ್ಳಿ" ಎಂದವರೇ ಎದ್ದು ಕೆಳಗೆ ಓಡಿದರು. ಬಾನೆಟ್ ಎತ್ತಿದ ಸದ್ದು ಕೇಳಿಸಿತು. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು, ಮತ್ತೆ ಬಿದ್ದ ಸದ್ದು. ನಂತರ ಎಂಜಿನ್ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಕೈ ಸಡಿಲವಾಗಿತ್ತು.

ಬಾಯಮ್ಮ ಬಾಗಿಲಲ್ಲಿ ನಿಂತರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಬಂದು ತಮ್ಮನ ಕಣ್ಣುಗಳನ್ನು ಮುಚ್ಚಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಕೈಗಳನ್ನು ಎದೆಯ ಮೇಲೆ ಜೋಡಿಸಿದರು. ಕೆಳಗೆ ಕಾರು ಹಾಗೆಯೇ ಓಡುತ್ತಿತ್ತು. ಯಾರಿಗೂ ಅದನ್ನು ಆರಿಸುವ ನೆನಪಾಗಲಿಲ್ಲ.

ಅಲ್ಲಿಂದ ಮುಂದೆ ಬಾಯಮ್ಮ ಬದುಕಿದ್ದು ಒಂದು ವರ್ಷವೂ ಇಲ್ಲ. ಕಾರನ್ನು ಪಡೀಲಿನ ಗುಜರಿಯವರು ಎಳೆದುಕೊಂಡು ಹೋದರು. ಇವರು ಕಿಟಕಿಗೂ ಬರಲಿಲ್ಲ. ಸಂಜೆಗಳಲ್ಲಿ ನಮ್ಮ ಮನೆಗೆ ಇಳಿದುಬಂದು, "ನೀವೂ ಕೇಳಿದ್ದೀರಲ್ಲ ಟೀಚರ್, ಅವನು ಎಲ್ಲಿಗೆ ಹೋಗುವ ಅಂದದ್ದು?" ಎಂದು ಕೇಳುವರು. ಆಸ್ಪತ್ರೆಗೆ ಎಂದಾಗಿದ್ದರೆ, ಅವನು ಬದುಕಬೇಕೆಂದು ಬೇಡಿಕೊಂಡಾಗ ತಾನು ಕಾರಿನ ಕೇಬಲ್ ಬಿಚ್ಚಿಟ್ಟಂತಾಯಿತು. ಅಲ್ಲವಾಗಿದ್ದರೆ, ಹತ್ತಿರ ಕೂತಿರು ಎಂದವನನ್ನು ಕೊನೆಯ ಗಳಿಗೆಯಲ್ಲಿ ಬಿಟ್ಟು ಓಡಿದಂತಾಯಿತು. ಅವರ ಲೆಕ್ಕದಲ್ಲಿ ಮೂರನೆಯ ದಾರಿ ಇರಲಿಲ್ಲ. ಊಟ ಬಿಟ್ಟರು, ಚರ್ಚು ಬಿಟ್ಟರು, ಕೊನೆಗೆ ಮೆಟ್ಟಿಲಿಳಿಯುವುದನ್ನೂ ಬಿಟ್ಟರು. ಆಗ ನಾನೇ ಹತ್ತಿ ಹೋಗತೊಡಗಿದೆ. ಬೆಳಿಗ್ಗೆ ಶಾಲೆಗೆ ಮುಂಚೆ ಅವರನ್ನು ಮಗ್ಗುಲು ಬದಲಿಸಿ, ಬೆನ್ನು ಒರೆಸುವುದು. ಆ ಕೆಲಸ ಹೇಗೆ ಮಾಡಬೇಕೆಂದು ಅವರ ಕೈ ನೋಡಿಯೇ ಕಲಿತಿದ್ದೆ.

ಬಾಯಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ, ಕೊನೆಯ ದಿನ ಎಚ್ಚರವಾದಾಗ ನನ್ನನ್ನು ಗುರುತು ಹಿಡಿದು ಅದನ್ನೇ ಕೇಳಿದರು. ಒಂದು ಮಾತು ಹೇಳಿಬಿಟ್ಟರೆ ಆ ಜೀವಕ್ಕೆ ನೆಮ್ಮದಿ ಸಿಗುತ್ತಿತ್ತೇನೋ. ಆದರೆ ಯಾವ ಮಾತು? ಎರಡರಲ್ಲಿ ಯಾವುದನ್ನು ಹೇಳಿದರೂ ಅವರಿಗೆ ತಪ್ಪಿತಸ್ಥರಾಗದೆ ಉಳಿಯುವ ದಾರಿಯಿರಲಿಲ್ಲ.

"ಗೊತ್ತಿಲ್ಲ ಬಾಯಮ್ಮ" ಎಂದೆ.

"ನನಗೂ ಗೊತ್ತಿಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.  ಸಂಜೆ ಅವರ ಉಸಿರು ನಿಲ್ಲುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಬಾಯಾರಿದರೂ ಏಳಲಿಲ್ಲ, ಫೋನ್ ಬಡಿದುಕೊಂಡರೂ ಏಳಲಿಲ್ಲ. ಅವರಿಗೆ ಅದು ತಿಳಿದಿತ್ತೋ ಇಲ್ಲವೋ.